ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುವಾಗ 34 ವೃದ್ಧರನ್ನು ಸ್ಥಳಾಂತರಿಸುವುದು ಹೇಗೆ?

ಪ್ರಶ್ನೆ: ವೃದ್ಧಾಶ್ರಮದ ವ್ಯವಸ್ಥಾಪಕ, ಅಫಜಲಪುರ ತಾಲ್ಲೂಕು

ಭೀಮಾ ನದಿಗೆ ಹತ್ತಿರದಲ್ಲಿರುವ ನಮ್ಮ ವೃದ್ಧಾಶ್ರಮದಲ್ಲಿ 34 ಮಂದಿ ಇದ್ದಾರೆ. ಅವರಲ್ಲಿ 9 ಜನ ಹಾಸಿಗೆ ಹಿಡಿದವರು, ಒಬ್ಬರಿಗೆ ಸದಾ ಆಮ್ಲಜನಕ ಬೇಕು, ಐವರಿಗೆ ಮರೆವಿನ ಕಾಯಿಲೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಕಟ್ಟಡಕ್ಕೆ ನೀರು ಬರದಿದ್ದರೂ ರಸ್ತೆ ಮುಳುಗಿ, ಎರಡು ದಿನ ಔಷಧ ತರಲಾಗಲಿಲ್ಲ. ಈಗ ಸ್ಥಳಾಂತರದ ಯೋಜನೆ ಬರೆಯಲು ಕುಳಿತಿದ್ದೇನೆ. ಅಂಗಳದ ಕಡೆಗೆ ಬಾಣದ ಗುರುತು ಹಾಕಿಸಿದ್ದಾಯಿತು, ಅಲ್ಲಿಂದ ಮುಂದೆ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ.

ಉತ್ತರ 1: ಶುಶ್ರೂಷಾ ಮೇಲ್ವಿಚಾರಕಿ, ಕಲಬುರಗಿ

ಬೆಂಕಿಗೊಂದು, ನೆರೆಗೊಂದು ಎಂದು ಎರಡು ಯೋಜನೆ ಬರೆಯಿರಿ, ಏಕೆಂದರೆ ಎರಡರಲ್ಲೂ ಸರದಿ ತಿರುವುಮುರುವು. ನೆರೆಯಲ್ಲಿ ಸಮಯವಿರುತ್ತದೆ, ಆದ್ದರಿಂದ ಆಂಬುಲೆನ್ಸ್ ಬೇಕಾದವರು ಮೊದಲು ಹೊರಡಬೇಕು. ಬೆಂಕಿಯಲ್ಲಿ ಹೊಗೆಗೆ ಹತ್ತಿರ ಇರುವವರು ಮೊದಲು, ನಂತರ ನಡೆಯಬಲ್ಲವರು, ಕೊನೆಗೆ ಹೊತ್ತೊಯ್ಯಬೇಕಾದವರು. ಬರೆಯುವಾಗ ಕೈ ನಡುಗುವ ಮಾತಿದು, ಆದರೆ ಇಬ್ಬರು ಸಿಬ್ಬಂದಿ ಒಬ್ಬರನ್ನೇ ಹೊತ್ತು ನಿಂತರೆ ಉಳಿದವರಿಗೆ ದಾರಿ ತೋರಿಸುವವರಿರುವುದಿಲ್ಲ. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಗೆ ಸುಮಾರು 90 ಮಂದಿ ಬಲಿಯಾದರು, ಬಹುಪಾಲು ಜನ ಸತ್ತದ್ದು ಮೇಲಿನ ಮಹಡಿಗಳಿಗೆ ಏರಿದ ಹೊಗೆಯಿಂದ. ಹಾಗಾಗಿ ಮೊದಲ ಹೆಜ್ಜೆ ಅಂಗಳಕ್ಕಲ್ಲ, ಅದೇ ಮಹಡಿಯಲ್ಲಿ ಗಟ್ಟಿ ಬಾಗಿಲಿನ ಆಚೆಯ ಭಾಗಕ್ಕೆ. ಬಾಗಿಲು ಮುಚ್ಚಿಕೊಂಡ ಮೇಲೆ ಮೆಟ್ಟಿಲಿನ ಯೋಚನೆ. ಲಿಫ್ಟ್ ಇದ್ದರೂ ಬಳಸಬಾರದು.

ಹಾಸಿಗೆ ಹಿಡಿದವರಿಗೆ ಸ್ಟ್ರೆಚರ್ ಹುಡುಕುತ್ತ ಕೂರಬೇಡಿ. ದಪ್ಪ ಚಾದರವನ್ನು ಮೈಕೆಳಗೆ ಸರಿಸಿ, ತಲೆಯ ಕಡೆಯ ಎರಡು ಮೂಲೆಗಳನ್ನು ಮುಷ್ಟಿಗೆ ಸುತ್ತಿ, ತಲೆ ಮುಂದಾಗಿ ಎಳೆದರೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಒಬ್ಬರೇ ಎಳೆಯಬಹುದು. ಹೊಸ್ತಿಲು ಬಂದಾಗ ಮಾತ್ರ ಇನ್ನೊಬ್ಬರು ಬೇಕು.

ಉತ್ತರ 2: ನಿವೃತ್ತ ಕಂದಾಯ ನೌಕರ, ಯಾದಗಿರಿ

ನೆರೆಯ ವಿಷಯಕ್ಕಷ್ಟೇ ಹೇಳುತ್ತೇನೆ. ಭೀಮಾ ನದಿಯ ಮೇಲ್ಭಾಗದಲ್ಲಿರುವ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ನಿಮ್ಮ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಬರುವವರೆಗೆ ಸಿಗುವ ಅವಧಿಯೇ ನಿಮ್ಮ ಬಂಡವಾಳ. ನೀರು ಬಿಟ್ಟ ಸುದ್ದಿ ಬಂದ ಹಗಲಿನಲ್ಲೇ ಹೊರಡುವುದೆಂದು ಈಗಲೇ ಬರೆದಿಡಿ, ಕತ್ತಲಾದ ಮೇಲೆ ಚರ್ಚೆ ಬೇಡ. ಜಿಲ್ಲಾ ನಿಯಂತ್ರಣ ಕೊಠಡಿಯ ಫೋನ್ ಸಂಖ್ಯೆ 1077 ಗೋಡೆಯ ಮೇಲಿರಲಿ. ನೆರೆ ಸಂತ್ರಸ್ತರಿಗಾಗಿ ಸರ್ಕಾರ ನಡೆಸುವ ಕಾಳಜಿ ಕೇಂದ್ರಗಳು ಸಾಮಾನ್ಯವಾಗಿ ಶಾಲೆ, ಹಾಸ್ಟೆಲುಗಳಲ್ಲಿ ತೆರೆಯುತ್ತವೆ. ನೆಲದ ಮೇಲೆ ಜಮಖಾನೆ, ದೂರದಲ್ಲಿ ಶೌಚಾಲಯ. ನಿಮ್ಮ 9 ಜನಕ್ಕೆ ಅದು ಆಗದು. ಎತ್ತರದ ಊರಿನ ಇನ್ನೊಂದು ಆಶ್ರಮದೊಡನೆ ಪರಸ್ಪರ ಒಪ್ಪಂದ ಮಾಡಿಕೊಂಡು, ಅದರ ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಉತ್ತರ 3: ಫಾರ್ಮಸಿಸ್ಟ್, ಬೀದರ್

ಆಮ್ಲಜನಕದ ಲೆಕ್ಕ ಯಾರೂ ಹೇಳಲಿಲ್ಲ. ಕರೆಂಟ್ ಹೋದರೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ, ಕಾನ್ಸಂಟ್ರೇಟರ್, ನಿಲ್ಲುತ್ತದೆ. ತುಂಬಿದ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ, 5 ಲೀಟರಾದರೆ ಐದೇ ಗಂಟೆ. ಸಿಲಿಂಡರಿನ ವಾಲ್ವ್ ತಿರುಗಿಸುವ ಸ್ಪ್ಯಾನರ್ ಅನ್ನು ಅದಕ್ಕೇ ದಾರದಿಂದ ಕಟ್ಟಿಡಿ. ಪ್ರತಿಯೊಬ್ಬರ ಒಂದು ವಾರದ ಮಾತ್ರೆ, ವೈದ್ಯರ ಚೀಟಿಯ ಪ್ರತಿ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಮರೆವಿನವರ ಮುಂಗೈಗೆ ಹೆಸರಿನ ಪಟ್ಟಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಹತ್ತು ಗಂಟೆಗೆ, ಇಬ್ಬರೇ ಇರುವ ಪಾಳಿಯಲ್ಲಿ, ಅಣಕು ಕಾರ್ಯಾಚರಣೆ ಮಾಡಿದೆವು. ಚಾದರದ ಮೇಲೆ ನಾನೇ ಮಲಗಿದ್ದೆ; ಎಪ್ಪತ್ತೆರಡು ಕಿಲೋ ತೂಕದ ನನ್ನನ್ನು ರಾತ್ರಿಯ ಆಯಾ ಒಬ್ಬರೇ ಪಡಸಾಲೆಯ ತುದಿಯವರೆಗೆ ಎಳೆದರು. ತೊಂದರೆ ಬಂದದ್ದು ಬೇರೆ ಎರಡು ಕಡೆ. ಹೊರಗೆ ಕರೆತಂದ ಮರೆವಿನ ಅಜ್ಜಿಯೊಬ್ಬರು ತಮ್ಮ ಕೋಣೆಗೇ ವಾಪಸು ಹೋದರು, ಹಾಗಾಗಿ ನಡೆಯಬಲ್ಲ ಹಿರಿಯರೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸುವುದೆಂದು ತೀರ್ಮಾನಿಸಿದ್ದೇವೆ. ಹಿಂಬಾಗಿಲಿಗೆ ಬೀಗ ಬಿದ್ದಿತ್ತು, ಕೀಲಿ ಅಡುಗೆಯವರ ಸೊಂಟದಲ್ಲಿತ್ತು, ಅವರು ಆರು ಗಂಟೆಗೇ ಮನೆಗೆ ಹೋಗಿದ್ದರು. ಇವತ್ತು ಬೀಗ ತೆಗೆಸಿ ಒಳಗಿನಿಂದ ಅಗುಳಿ ಹಾಕಿಸಿದೆ.