ಬಿ.ಕಾಂ. ತರಗತಿಯಲ್ಲಿ ಹಲವು ಭಾಷೆ, ಒಬ್ಬರಿಗೆ ಕಣ್ಣು ಕಾಣದು: ಪಾಠಯೋಜನೆ ಹೇಗೆ?

ಪ್ರಶ್ನೆ (ಉಪನ್ಯಾಸಕಿ, ಉಡುಪಿ): ವೆಚ್ಚಲೆಕ್ಕದ (ಕಾಸ್ಟ್ ಅಕೌಂಟಿಂಗ್) ಪೇಪರ್. ಅರ್ಧದಷ್ಟು ಮಕ್ಕಳು ಕನ್ನಡ ಮಾಧ್ಯಮದವರು, ಮನೆಮಾತು ತುಳು, ಬ್ಯಾರಿ, ಕೊಂಕಣಿ. ಕಾಸರಗೋಡಿನ ಕೆಲವರಿಗೆ ಕನ್ನಡ ಓದಲು ಬಾರದು. ಒಬ್ಬ ವಿದ್ಯಾರ್ಥಿಗೆ ಕಣ್ಣು ಕಾಣುವುದಿಲ್ಲ. ಸಿಲಬಸ್ ವಿಶ್ವವಿದ್ಯಾಲಯದ್ದು. ನನ್ನ ಕೈಯಲ್ಲಿ ಏನುಂಟು?

ಉತ್ತರ (ಪಠ್ಯಕ್ರಮ ತರಬೇತುದಾರರು, ಮಂಗಳೂರು): ತುಂಬಾ ಉಂಟು. ಕಲಿಕೆಯ ಗುರಿ ಇದ್ದ ಹಾಗೇ ಇರಲಿ; ಸಾಮಗ್ರಿ, ಉದಾಹರಣೆ, ಆಂತರಿಕ ಮೌಲ್ಯಮಾಪನ ಬದಲಿಸಿ. ಪ್ರತಿ ಯೂನಿಟ್‌ಗೆ 15–20 ಪಾರಿಭಾಷಿಕ ಪದಗಳನ್ನು ಇಂಗ್ಲಿಷ್, ಕನ್ನಡ, ಮಲಯಾಳಂನಲ್ಲಿ ಒಂದೊಂದು ಸಾಲಿನ ಅರ್ಥದೊಂದಿಗೆ ವಾರ ಮೊದಲೇ ಕೊಡಿ. ಇಡೀ ಪಾಠ ಕನ್ನಡದಲ್ಲಿ ಮಾಡಿ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೇಳಿದರೆ, ಅರ್ಥವಾದವರಿಗೂ ಬರೆಯಲಾಗುವುದಿಲ್ಲ. ಹಾಗಾಗಿ ಪ್ರತಿ ತರಗತಿಯ ಕೊನೆಯ 10 ನಿಮಿಷ, ಪರೀಕ್ಷೆಯ ಭಾಷೆಯಲ್ಲೇ ಮೂರು ವಾಕ್ಯ ಬರೆಸಿ. ಕನ್ನಡದಲ್ಲಿ ಉತ್ತರಿಸಲು ಅವಕಾಶವಿದೆಯೇ ಎಂದು ಪರೀಕ್ಷಾ ವಿಭಾಗವನ್ನು ಸೆಮಿಸ್ಟರ್ ಆರಂಭದಲ್ಲೇ ಕೇಳಿಡಿ.

ಸ್ಥಿರ ವೆಚ್ಚ, ಚರ ವೆಚ್ಚಕ್ಕೆ ಕಾರು ಕಾರ್ಖಾನೆಯೇ ಯಾಕೆ? ಮಲ್ಪೆಯ ಮೀನುಗಾರಿಕೆ ಬೋಟ್ ತೆಗೆದುಕೊಳ್ಳಿ. ಡೀಸೆಲ್, ಐಸ್ ಕಡಲಿಗಿಳಿದಷ್ಟೂ ಏರುತ್ತವೆ, ಅದು ಚರ ವೆಚ್ಚ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟ್ ದಕ್ಕೆಯಲ್ಲಿ (ಬಂದರುಕಟ್ಟೆಯಲ್ಲಿ) ನಿಂತಿದ್ದರೂ ಸಾಲದ ಬಡ್ಡಿ, ವಿಮೆ ನಿಲ್ಲುವುದಿಲ್ಲ, ಅದು ಸ್ಥಿರ ವೆಚ್ಚ. ವ್ಯತ್ಯಾಸ ಎಲ್ಲರಿಗೂ ಕಣ್ಣಿಗೆ ಕಟ್ಟುತ್ತದೆ. ಆದರೆ ದಯವಿಟ್ಟು, ಮೀನುಗಾರರ ಮನೆಯ ಮಗುವನ್ನು ಎಬ್ಬಿಸಿ "ನಿಮ್ಮಲ್ಲಿ ಎಷ್ಟು ಬರ್ತದೆ?" ಎಂದು ಕೇಳಬೇಡಿ. ಅದು ಒಳಗೊಳ್ಳುವುದಲ್ಲ, ಬಯಲಿಗೆಳೆಯುವುದು.

ಉತ್ತರ (ಸಹಾಯಕ ತಂತ್ರಜ್ಞಾನ ಬೋಧಕರು): ಕಣ್ಣು ಕಾಣದ ವಿದ್ಯಾರ್ಥಿಯ ಬಗ್ಗೆ. ನೋಟ್ಸ್‌ನ ಪಿಡಿಎಫ್ ತೆರೆದು ಅಕ್ಷರಗಳನ್ನು ಆಯ್ಕೆ ಮಾಡಿ ನೋಡಿ. ಆಗದಿದ್ದರೆ ಅದು ಬರೀ ಫೋಟೊ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಅದನ್ನು ನೇರವಾಗಿ ಓದದು. ಆಯ್ಕೆಯಾದರೆ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಹಳೆಯ ನುಡಿ ಅಥವಾ ಬರಹ ಫಾಂಟ್, ಯೂನಿಕೋಡ್‌ಗೆ (ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಲೇಬೇಕು. ವೆಚ್ಚಪಟ್ಟಿಯಲ್ಲಿ ಕೋಶಗಳನ್ನು ವಿಲೀನ ಮಾಡಬೇಡಿ, ಯಾವ ಅಂಕಿ ಯಾವ ಶೀರ್ಷಿಕೆಯದ್ದೆಂದು ತಪ್ಪಿಹೋಗುತ್ತದೆ. ಬೋರ್ಡಿನಲ್ಲಿ "ಇದನ್ನು ಅದರಿಂದ ಕಳೆಯಿರಿ" ಎನ್ನದೆ ಅಂಕಿಗಳನ್ನು ಬಾಯಿಬಿಟ್ಟು ಹೇಳಿ.

ಮರುಪ್ರಶ್ನೆ: ಹೆಚ್ಚುವರಿ ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯ ಎನ್ನುತ್ತಾರಲ್ಲ?

ಉತ್ತರ (ತರಬೇತುದಾರರು): ಅನ್ಯಾಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಬಂದ 2018ರ ಕೇಂದ್ರ ಮಾರ್ಗಸೂಚಿಯಲ್ಲೇ, ಲಿಪಿಕಾರರ (ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವಿಗೆ ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎಂದಿದೆ. ಎಡವುವುದು ಕಿರುಪರೀಕ್ಷೆಯಲ್ಲಿ: ಒಂದು ಗಂಟೆಯ ಪರೀಕ್ಷೆ 80 ನಿಮಿಷವಾದಾಗ ಮುಂದಿನ ಪಿರಿಯಡ್ ಅಡ್ಡ ಬರುತ್ತದೆ. ದಿನದ ಕೊನೆಗಿಟ್ಟರೆ ಊರಿನ ಬಸ್ ತಪ್ಪುತ್ತದೆ. ಊಟದ ವಿರಾಮಕ್ಕೆ ಮುಂಚಿನ ಪಿರಿಯಡ್ ಇಡಿ, ಊಟಕ್ಕೆ ಸಮಯ ಉಳಿಯುವಂತೆ ನೋಡಿಕೊಳ್ಳಿ.

ಅಸೈನ್‌ಮೆಂಟ್ ಬರಹ, ಮೌಖಿಕ ಅಥವಾ ಧ್ವನಿಮುದ್ರಣ ಯಾವುದಾದರೂ ಆಗಲಿ, ಅಳತೆ ಒಂದೇ: ವರ್ಗೀಕರಣಕ್ಕೆ 4, ಲೆಕ್ಕಕ್ಕೆ 4, ಕಾರಣಕ್ಕೆ 2. ಅಂದದ ಅಕ್ಷರಕ್ಕೆ ಅಂಕವಿಲ್ಲ. ಗುಂಪು ಕೆಲಸ ತರಗತಿಯ ಅವಧಿಯಲ್ಲೇ ಮುಗಿಯಲಿ. ಸಂಜೆ ಕೇಟರಿಂಗ್‌ಗೆ, ಯಕ್ಷಗಾನ ಮೇಳಕ್ಕೆ ಹೋಗುವವರು ಆಮೇಲೆ ಸಿಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ, ಈ ಸೆಮಿಸ್ಟರ್ ಒಂದು ಯೂನಿಟ್ ಸಾಕು.