ಬಾಲ್ಕನಿಯಲ್ಲಿ ಪಾರಿವಾಳ ಮೊಟ್ಟೆ ಇಟ್ಟಿದೆ, ಏನು ಮಾಡಲಿ? ಅನುಭವ ಇದ್ದವರು ಹೇಳಿ

ಮೂಲೆಮನೆ:
ಅಡುಗೆಮನೆಗೆ ಅಂಟಿಕೊಂಡ ಬಾಲ್ಕನಿಯಲ್ಲಿ, ಖಾಲಿ ಕುಂಡದ ಹಿಂದೆ ಪಾರಿವಾಳ ಎರಡು ಮೊಟ್ಟೆ ಇಟ್ಟಿದೆ. ನಾವು ನಾಲ್ಕು ದಿನ ಊರಲ್ಲಿರಲಿಲ್ಲ, ಬಂದು ನೋಡಿದರೆ ಇದು. ಮಗಳು ಆಗಲೇ ಮೊಟ್ಟೆಗಳಿಗೆ ಹೆಸರಿಟ್ಟಾಗಿದೆ. ನಮ್ಮವರು "ಗಲೀಜು, ತೆಗೆದು ಬಿಸಾಕು" ಅನ್ನುತ್ತಿದ್ದಾರೆ. ಅತ್ತೆಗೆ ಉಬ್ಬಸ ಇದೆ. ಬಟ್ಟೆ ಒಣಹಾಕುವುದೂ ಅಲ್ಲೇ. ಇವು ಎಷ್ಟು ದಿನ ಇರುತ್ತವೆ? ಕಾಳು, ನೀರು ಇಡಬೇಕಾ? ಮೊಟ್ಟೆ ಮುಟ್ಟಿದರೆ ತಾಯಿ ಬಿಟ್ಟು ಹೋಗುತ್ತದೆ ಅಂತಾರಲ್ಲ, ನಿಜವಾ?

ಗಾಳಿಪಟ:
ಮೊದಲು ದಿನದ ಲೆಕ್ಕ ಹೇಳಿಬಿಡುತ್ತೇನೆ, ಮನೆಯ ಪಂಚಾಯ್ತಿಗೆ ಅದೇ ಬೇಕಾಗುವುದು. ಎರಡನೇ ಮೊಟ್ಟೆ ಇಟ್ಟ ಮೇಲೆ ಮರಿ ಹೊರಬರಲು 17ರಿಂದ 19 ದಿನ. ಮರಿ ಹಾರಿಹೋಗಲು ಅಲ್ಲಿಂದ ಮುಂದೆ ನಾಲ್ಕೈದು ವಾರ, ಚಳಿಗಾಲವಾದರೆ ಇನ್ನೂ ಸ್ವಲ್ಪ ಜಾಸ್ತಿ. ಒಟ್ಟು ಏಳು ವಾರ ಅಂತ ಇಟ್ಟುಕೊಳ್ಳಿ. "ಹದಿನೈದು ದಿನದಲ್ಲಿ ಹೋಗುತ್ತವೆ" ಅಂತ ಮನೆಯವರಿಗೆ ಮಾತು ಕೊಡಬೇಡಿ.

ನೀವು ನೋಡುತ್ತಿರುವುದು ಒಂದೇ ಹಕ್ಕಿ ಅಂದುಕೊಂಡಿದ್ದೀರೇನೋ. ಅಲ್ಲ, ಇಬ್ಬರೂ ಪಾಳಿಯಲ್ಲಿ ಕಾವು ಕೂರುತ್ತಾರೆ. ಬೆಳಗ್ಗೆ ಒಂಬತ್ತು ಹತ್ತರ ಸುಮಾರಿಗೆ ಗಂಡು ಬಂದು ಕೂರುತ್ತದೆ. ಸಂಜೆ ನಾಲ್ಕೈದಕ್ಕೆ ಹೆಣ್ಣು ವಾಪಸ್. ರಾತ್ರಿ ಪಾಳಿ ಪೂರ್ತಿ ಅವಳದೇ. ಪಾಳಿ ಬದಲಾಗುವುದನ್ನು ಒಮ್ಮೆ ನೋಡಿ. ಬಂದ ಹಕ್ಕಿ ಪಕ್ಕಕ್ಕೆ ಬಂದು ಒತ್ತಿಕೊಂಡು ನಿಲ್ಲುತ್ತದೆ. ಕೂತದ್ದು ಏಳುವುದೇ ಇಲ್ಲ. ಇದು ಮೆತ್ತಗೆ ತಳ್ಳುತ್ತದೆ, ಅದು ಮೊಟ್ಟೆಗಳ ಮೇಲೇ ಸ್ವಲ್ಪ ಸರಿಯುತ್ತದೆ. ಕೊನೆಗೆ ಎದ್ದರೂ ಮೊಟ್ಟೆ ಬರಿದಾಗಿ ಕಾಣುವುದು ಒಂದೆರಡು ಕ್ಷಣ ಮಾತ್ರ. ಹೊಸದು ಕಾಲಿನ ಬೆರಳುಗಳನ್ನು ಮಡಚಿಕೊಂಡು, ಹೊಟ್ಟೆಯ ಪುಕ್ಕ ಕೆದರಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿ ಕೂರುತ್ತದೆ. ಮೊಟ್ಟೆ ಒಡೆಯದಂತೆ ಕೂರುವ ಆ ನಾಜೂಕು ನೋಡಿದ ಮೇಲೆ ನಮ್ಮ ಮನೆಯಲ್ಲಿ "ಬಿಸಾಕು" ಅನ್ನುವವರು ಸುಮ್ಮನಾದರು.

ಗೂಡಿನ ಬಗ್ಗೆ ಮಾತ್ರ ಜಾಸ್ತಿ ನಿರೀಕ್ಷೆ ಬೇಡ. ಹತ್ತಿಪ್ಪತ್ತು ಕಡ್ಡಿ, ಒಂದು ತಂತಿ ತುಂಡು, ಎಲ್ಲಿಂದಲೋ ತಂದ ಕೇಬಲ್ ಟೈ, ಅಷ್ಟೇ. ಇವುಗಳ ಕಾಡಿನ ಪೂರ್ವಜರು ಬಂಡೆಯ ಅಂಚಿನಲ್ಲಿ, ಗುಹೆಬಾಯಿಯಲ್ಲಿ ಮೊಟ್ಟೆ ಇಡುತ್ತಿದ್ದವು. ಮರದ ಮೇಲೆ ಕಟ್ಟುವ ಕಷ್ಟ ಅವಕ್ಕಿರಲಿಲ್ಲ. ನಿಮ್ಮ ಬಾಲ್ಕನಿ ಅವುಗಳ ಕಣ್ಣಿಗೆ ಬಂಡೆಯ ಅಂಚೇ. ಗಂಡು ಒಂದು ಸಲಕ್ಕೆ ಒಂದೇ ಕಡ್ಡಿ ತರುತ್ತದೆ. ಹೆಣ್ಣಿನ ಬೆನ್ನು ಹತ್ತಿ, ಅವಳ ತಲೆ ಮೇಲಿಂದ ಬಗ್ಗಿ ಕಡ್ಡಿಯನ್ನು ಎದುರಿಗೆ ಇಡುತ್ತದೆ. ಅವಳು ತೆಗೆದು ತನ್ನ ಸುತ್ತ ಸಿಕ್ಕಿಸಿಕೊಳ್ಳುತ್ತಾಳೆ.

ಕರಿಬೇವು:
ಮೊದಲು ಅದು ಪಾರಿವಾಳವೇನಾ ನೋಡಿ. ಕಂದು ಬಣ್ಣ, ಪಾರಿವಾಳಕ್ಕಿಂತ ಸಣ್ಣದು, ಕತ್ತಿನಲ್ಲಿ ಚುಕ್ಕೆ ಇದ್ದರೆ ಬೆಳವಕ್ಕಿ. ನಮ್ಮ ಕರಿಬೇವಿನ ಕುಂಡದಲ್ಲಿ ಇಟ್ಟದ್ದು ಅದೇ. ಅದಕ್ಕೆ ಕಾವು ಎರಡು ವಾರ, ಮರಿ ಹಾರಲು ಮತ್ತೆರಡು ವಾರ. ಒಂದು ತಿಂಗಳಲ್ಲಿ ಕೆಲಸ ಮುಗಿಯಿತು. ಗಲೀಜೂ ಕಮ್ಮಿ.

ಮೂಲೆಮನೆ:
ಇಲ್ಲ, ಬೂದುಬಣ್ಣ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ, ಕತ್ತು ಹಸಿರು ನೇರಳೆ ಮಿರಮಿರ. ಪಕ್ಕಾ ಪಾರಿವಾಳ. ಏಳು ವಾರವಾ! ಬಟ್ಟೆ ಕತೆ ಏನು?

ಗಾಳಿಪಟ:
ಬಟ್ಟೆ ಸ್ಟ್ಯಾಂಡ್ ಇನ್ನೊಂದು ಕಡೆಗೆ ಸರಿಸಿ, ಬೇರೆ ದಾರಿಯಿಲ್ಲ. ಗೂಡಿನ ಮೇಲೆ ಬಟ್ಟೆ ಹಾರಾಡುತ್ತಿದ್ದರೆ ಅವೂ ನೆಮ್ಮದಿಯಾಗಿ ಕೂರುವುದಿಲ್ಲ.

ಪಾರಿವಾಳದಹುಚ್ಚು:
ನಾನು ಚಿಕ್ಕವನಿದ್ದಾಗಿನಿಂದ ಪಾರಿವಾಳ ಸಾಕಿದವನು, ಹಾಗಾಗಿ ಮುಟ್ಟುವ ಪ್ರಶ್ನೆ ನನಗಿರಲಿ. ಮನುಷ್ಯರ ವಾಸನೆ ಬಂತು ಅಂತ ಪಾರಿವಾಳ ಮೊಟ್ಟೆಯನ್ನಾಗಲಿ ಮರಿಯನ್ನಾಗಲಿ ಬಿಡುವುದಿಲ್ಲ. ನಾವು ಗೂಡಿಗೆ ಕೈ ಹಾಕುವುದು ದಿನವೂ ಇದ್ದದ್ದೇ. ಅವು ಬಿಟ್ಟುಹೋಗುವುದು ಹೆದರಿಕೆಯಿಂದ. ಹೊತ್ತುಹೊತ್ತಿಗೆ ಬಗ್ಗಿ ನೋಡುವುದು, ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದು, ಕತ್ತಲಾದ ಮೇಲೆ ಎಬ್ಬಿಸುವುದು, ಇವು ಬೇಡ. ಸಾಕಿದ ಹಕ್ಕಿ ತಡೆದುಕೊಂಡಷ್ಟು ಹೊರಗಿನದು ತಡೆದುಕೊಳ್ಳುವುದಿಲ್ಲ. ಮರಿ ಗೂಡಿನಿಂದ ಉರುಳಿ ಬಿದ್ದಿದ್ದರೆ ಧೈರ್ಯವಾಗಿ ಎತ್ತಿ ವಾಪಸ್ ಇಡಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಗೂಡನ್ನು ಬಾಲ್ಕನಿಯ ಇನ್ನೊಂದು ಮೂಲೆಗೆ ಎತ್ತಿಡುವ ಯೋಚನೆ ಇದ್ದರೆ ಬಿಡಿ. ಪಾರಿವಾಳ ಗುರುತು ಇಟ್ಟುಕೊಳ್ಳುವುದು ಜಾಗವನ್ನು. ವಾಪಸ್ ಬಂದು ಹಳೆಯ ಜಾಗದಲ್ಲೇ ಬರೀ ನೆಲದ ಮೇಲೆ ಕೂತುಬಿಡುತ್ತದೆ, ಎರಡು ಮಾರು ದೂರದಲ್ಲಿ ಮೊಟ್ಟೆ ತಣ್ಣಗಾಗುತ್ತಿರುತ್ತದೆ.

ಎರಡು ಮೊಟ್ಟೆ ಒಂದೇ ದಿನ ಇಡುವುದಿಲ್ಲ. ಮೊದಲನೆಯದು ಇಟ್ಟು, ನಡುವೆ ಒಂದು ದಿನ ಬಿಟ್ಟು ಎರಡನೆಯದು. ಮೊದಲ ಮೊಟ್ಟೆಯ ಮೇಲೆ ಸರಿಯಾಗಿ ಕಾವು ಕೂರದಿದ್ದರೂ ಗಾಬರಿ ಬೇಡ, ಅದರ ಪದ್ಧತಿಯೇ ಹಾಗೆ. ಆದರೂ ಮರಿಗಳು ಸ್ವಲ್ಪ ಹಿಂದುಮುಂದಾಗಿ ಹುಟ್ಟುತ್ತವೆ. ಹಿಂದಿನದು ಸಣ್ಣದಾಗಿ ಕಾಣುತ್ತದೆ. ಕೆಲವು ಸಲ ಆ ಅಂತರ ತುಂಬುವುದೇ ಇಲ್ಲ, ದೊಡ್ಡದೇ ಗುಟುಕೆಲ್ಲ ನುಂಗಿ ಸಣ್ಣದು ಸಾಯುತ್ತದೆ. ಮಗಳಿಗೆ ಇದನ್ನು ಮೊದಲೇ ಮೆಲ್ಲಗೆ ಹೇಳಿಟ್ಟಿರಿ. ಹೆಸರಿಟ್ಟ ಮೇಲೆ ಇನ್ನೂ ಕಷ್ಟ.

ಮೂರು ವಾರ ದಾಟಿದರೂ ಮೊಟ್ಟೆ ಒಡೆಯದಿದ್ದರೆ ಅದು ಕೆಟ್ಟ ಮೊಟ್ಟೆ. ಅವೇ ಬಿಟ್ಟು ಏಳುತ್ತವೆ.

ನಿದ್ದೆಗಣ್ಣು:
ಕಾಳು ಇಡಲೇಬೇಡಿ. ದೊಡ್ಡವಕ್ಕೆ ಊಟ ಹುಡುಕುವುದು ಗೊತ್ತು. ನೀವು ಒಂದು ಹಿಡಿ ಹಾಕಿದರೆ ಎರಡು ಹಕ್ಕಿ ಇದ್ದದ್ದು ಹನ್ನೆರಡಾಗುತ್ತವೆ, ಆಮೇಲೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ. ಕಾಗೆಗೂ ಅದೇ ದಾರಿ ತೋರಿಸಿದಂತೆ. ಬಿಸಿಲು ಜೋರಿದ್ದರೆ ಗೂಡಿನಿಂದ ದೂರ ಒಂದು ಅಗಲ ತಟ್ಟೆಯಲ್ಲಿ ನೀರಿಡಿ, ಸಾಕು. ಬೇರೆ ಹಕ್ಕಿಗಳ ಹಾಗೆ ಗುಟುಕರಿಸಿ ತಲೆ ಎತ್ತುವುದಿಲ್ಲ ಇವು. ಕೊಕ್ಕು ಮುಳುಗಿಸಿ ಒಂದೇ ಸಮನೆ ಹೀರುತ್ತವೆ, ಅದನ್ನು ನೋಡುವುದೇ ಒಂದು ಚೆಂದ.

ಪಾರಿವಾಳದಹುಚ್ಚು:
ಸರಿಯಾಗಿ ಹೇಳಿದಿರಿ. ಮರಿಗೂ ನೀವು ಏನೂ ಕೊಡಬಾರದು. ಹಾಲು, ಬ್ರೆಡ್ಡು, ಅನ್ನ, ಯಾವುದೂ ಬೇಡ. ಡ್ರಾಪರಿನಲ್ಲಿ ನೀರು ಬಿಟ್ಟರೆ ಉಸಿರಿನ ದಾರಿಗೆ ಹೋಗಿ ಸಾಯುತ್ತವೆ. ಪಾರಿವಾಳದ ಮರಿ ಬಾಯಿ ತೆರೆದು ಕೂರುವುದಿಲ್ಲ, ತನ್ನ ಕೊಕ್ಕನ್ನು ಅಪ್ಪ ಅಮ್ಮನ ಬಾಯೊಳಗೆ ತೂರಿಸಿ ತಿನ್ನುತ್ತದೆ. ಮೊದಲ ಮೂರ್ನಾಲ್ಕು ದಿನ ಅದಕ್ಕೆ ಸಿಗುವುದು ಕಾಳಲ್ಲ. ದೊಡ್ಡ ಹಕ್ಕಿಯ ಗಂಟಲ ಚೀಲದ ಒಳಪದರವೇ ಬೆಳೆದು, ಕಳಚಿ, ಒಡೆದ ಹಾಲಿನ ಗಟ್ಟಿಯಂಥ ಒಂದು ಪದಾರ್ಥವಾಗುತ್ತದೆ. ಪ್ರೊಟೀನು, ಕೊಬ್ಬು ತುಂಬಿರುತ್ತದೆ. ಗಂಡೂ ಕೊಡುತ್ತದೆ, ಹೆಣ್ಣೂ ಕೊಡುತ್ತದೆ. ಪಾರಿವಾಳ, ಬೆಳವದ ಕುಲ ಬಿಟ್ಟರೆ ಇಂಥದ್ದು ಫ್ಲೆಮಿಂಗೊಗೆ ಮತ್ತು ಎಂಪರರ್ ಪೆಂಗ್ವಿನ್ ಗಂಡಿಗೆ ಇದೆ. ಆಮೇಲೆ ನೆನೆದ ಕಾಳು ಬೆರೆಯುತ್ತಾ ಹೋಗುತ್ತದೆ. ಇದರ ಬದಲಿಗೆ ನಾವು ಕೊಡುವ ಯಾವುದೂ ಆ ಮರಿಗೆ ಒಗ್ಗುವುದಿಲ್ಲ.

ಅಪ್ಪ ಅಮ್ಮ ಎರಡೂ ಬರುವುದೇ ನಿಂತು ಒಂದು ಹಗಲು ಕಳೆದರೆ ಹಕ್ಕಿ ರಕ್ಷಿಸುವವರಿಗೆ ಫೋನ್ ಮಾಡಿ. ಒಂದು ಮಾತು ಮಾತ್ರ: ಮರಿಗೆ ಒಂದು ವಾರ ಹತ್ತು ದಿನವಾದ ಮೇಲೆ ಅವು ಹಗಲಲ್ಲಿ ಗೂಡಿನ ಮೇಲೆ ಕೂರುವುದನ್ನು ಬಿಡುತ್ತವೆ. ಗುಟುಕು ಕೊಡಲು ಬಂದು ಹೋಗುತ್ತವೆ ಅಷ್ಟೇ. "ಅನಾಥ ಮರಿ" ಅಂತ ಡಬ್ಬದಲ್ಲಿ ಹಾಕಿಕೊಂಡು ಹೋಗುವವರಲ್ಲಿ ಬಹಳ ಜನ ಇಲ್ಲೇ ಎಡವುವುದು. ಮರಿಯ ಕತ್ತಿನ ಕೆಳಗಿನ ಚೀಲ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಊಟ ಆಗಿದೆ.

ಒಂಬತ್ತನೇಮಹಡಿ:
ಮರಿ ಹುಟ್ಟಿದಾಗ ಮಗಳು ಅಳಬಹುದು. ಅಷ್ಟು ಕುರೂಪ. ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಅಲ್ಲೊಂದು ಇಲ್ಲೊಂದು ಹಳದಿ ನೂಲು, ಮುಖಕ್ಕಿಂತ ಕೊಕ್ಕೇ ದೊಡ್ಡದು. ನಾಲ್ಕೈದು ದಿನಕ್ಕೆ ಕಣ್ಣು ಬಿಡುತ್ತದೆ. ವಾರ ಕಳೆದ ಮೇಲೆ ರೆಕ್ಕೆಯಲ್ಲಿ ನೀಲಿ ಮುಳ್ಳುಗಳ ಹಾಗೆ ಗರಿಯ ಮೊಳಕೆ ಏಳುತ್ತದೆ, ಆಗ ಥೇಟ್ ಮುಳ್ಳುಹಂದಿ. ಹತ್ತಿರ ಹೋದರೆ ಮೈ ಉಬ್ಬಿಸಿ, ಕೊಕ್ಕು ಟಪ್ ಅನ್ನಿಸಿ ಹೆದರಿಸುತ್ತದೆ. ನಮ್ಮ ಮನೆಯ ದೊಡ್ಡವರೇ ಹಿಂದೆ ಸರಿದರು! ತಿಂಗಳು ತುಂಬುವಾಗ ಅಪ್ಪ ಅಮ್ಮನಷ್ಟೇ ದೊಡ್ಡದು. ಆಗ ಗುರುತಿಸುವುದು ಹೇಗೆ ಅಂದರೆ, ಮರಿಯ ಕಣ್ಣು ಕಂದು, ದೊಡ್ಡದರ ಕಣ್ಣು ಕೆಂಪು ಕಿತ್ತಳೆ. ಮರಿಯ ಕೊಕ್ಕಿನ ಬುಡದಲ್ಲಿ ಆ ಬಿಳಿ ಉಬ್ಬು ಇನ್ನೂ ಬಂದಿರುವುದಿಲ್ಲ, ಕತ್ತಿನ ಮಿರುಗೂ ಇರುವುದಿಲ್ಲ. ತುದಿಯಲ್ಲಿ ಹಳದಿ ನೂಲು ನಾಲ್ಕು ಉಳಿದಿರುತ್ತವೆ.

ಉಸಿರಾಟ:
ಎಲ್ಲರೂ ಚೆಂದದ್ದೇ ಹೇಳುತ್ತಿದ್ದೀರಿ. ಅತ್ತೆಗೆ ಉಬ್ಬಸ ಇದೆ ಅಂದಿದ್ದಾರಲ್ಲ, ಅದನ್ನು ಯಾರೂ ಎತ್ತಲಿಲ್ಲ. ನನಗೆ ಈ ವಿಷಯದಲ್ಲಿ ಸ್ವಲ್ಪ ಕೋಪವೇ ಇದೆ, ಕ್ಷಮಿಸಿ. ಒಣಗಿದ ಹಿಕ್ಕೆಯ ಪುಡಿ ಮತ್ತು ಪುಕ್ಕದ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಬಹಳ ದಿನ ಅದರಲ್ಲೇ ಉಸಿರಾಡಿದ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕೆಮ್ಮು, ಏದುಸಿರು, ಸುಸ್ತು, ಒಮ್ಮೊಮ್ಮೆ ಜ್ವರ. ಮಾಮೂಲಿ ಕೆಮ್ಮು ಅಂತ ತಳ್ಳಿಹಾಕಿ ತಡ ಮಾಡಿದರೆ ಶ್ವಾಸಕೋಶಕ್ಕೆ ಶಾಶ್ವತ ಪೆಟ್ಟು ಬೀಳಬಹುದು. ಹಿಕ್ಕೆಯಿಂದ ಕ್ರಿಪ್ಟೊಕಾಕಸ್‌ನಂಥ ಶಿಲೀಂಧ್ರದ ಸೋಂಕೂ ಇದೆ. ಆರೋಗ್ಯವಂತರಿಗೆ ಅಪಾಯ ಕಮ್ಮಿ. ಕಿಡ್ನಿ ಕಸಿ ಆದವರು, ಕೀಮೊ ತೆಗೆದುಕೊಳ್ಳುತ್ತಿರುವವರು ಮನೆಯಲ್ಲಿದ್ದರೆ ಈ ಸಾಹಸವೇ ಬೇಡ.

ನಿಮ್ಮ ಮನೆಯಲ್ಲಾದರೆ ಆ ಬಾಲ್ಕನಿಯ ಬಾಗಿಲು ಮುಚ್ಚಿರಲಿ, ಅತ್ತೆ ಆ ಕಡೆ ಹೋಗುವುದು ಬೇಡ. ಅವರ ಡಾಕ್ಟರಿಗೆ "ಪಾರಿವಾಳ ಇದೆ" ಅಂತ ಒಂದು ಮಾತು ಹೇಳಿ. ಅವರು ಬೇಡ ಅಂದರೆ ಬೇಡ, ಅಲ್ಲಿಗೆ ಮುಗಿಯಿತು. ಒಣ ಪೊರಕೆ ತಾಗಿಸಬೇಡಿ. ಮೊದಲು ನೀರು ಚಿಮುಕಿಸಿ ನೆನೆಸಿ, ಎನ್95 ಮಾಸ್ಕ್, ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಗೂಡಿಗೆ ನೀರು ಬೀಳದಿರಲಿ. ಮೊದಮೊದಲು ಗೂಡು ಸ್ವಚ್ಛವಾಗಿಯೇ ಇರುತ್ತದೆ, ಮರಿ ಬೆಳೆದ ಹಾಗೆ ಸುತ್ತ ಕಟ್ಟೆಯಂತೆ ಹಿಕ್ಕೆ ಗಟ್ಟಿಯಾಗುತ್ತದೆ. ಕೊನೆಯ ಎರಡು ವಾರ ನಿಜಕ್ಕೂ ವಾಸನೆ.

ಮೂಲೆಮನೆ:
ಹೆದರಿಕೆ ಆಯಿತು. ಆದರೆ ಒಳ್ಳೆಯದಾಯಿತು, ಹೇಳಿದ್ದು. ಬಾಗಿಲು ಮುಚ್ಚಿದ್ದೇವೆ. ಮಗಳು ಅಡುಗೆಮನೆ ಕಿಟಕಿಯ ಗಾಜಿನಿಂದ ನೋಡುತ್ತಾಳೆ. ಡಾಕ್ಟರನ್ನು ಸೋಮವಾರ ಕೇಳುತ್ತೇವೆ. ಅಕಸ್ಮಾತ್ ತೆಗೆಯಲೇಬೇಕು ಅಂದರೆ?

ಪಾರಿವಾಳದಹುಚ್ಚು:
ತೆಗೆಯುವುದಾದರೆ ಇವತ್ತೇ ನಾಳೆಯೇ, ಮರಿಯಾದ ಮೇಲಲ್ಲ. ನಿಮ್ಮಲ್ಲಿ ಹಕ್ಕಿಗಳ ಬಗ್ಗೆ ಏನು ಕಾನೂನಿದೆ ಅಂತ ಮೊದಲು ವಿಚಾರಿಸಿ. ಬರೀ ಮೊಟ್ಟೆ ತೆಗೆದು ಜಾಗ ಹಾಗೇ ಬಿಟ್ಟರೆ ಏನೂ ಪ್ರಯೋಜನವಿಲ್ಲ, ಸ್ವಲ್ಪ ದಿನದಲ್ಲೇ ಮತ್ತೆ ಇಡುತ್ತವೆ. ತೆಗೆದ ದಿನವೇ ಜಾಗ ಮುಚ್ಚಬೇಕು. ಕೆಲವು ಊರುಗಳಲ್ಲಿ ಪಾರಿವಾಳದ ಸಂಖ್ಯೆ ಕಮ್ಮಿ ಮಾಡಲು ಮೊಟ್ಟೆ ತೆಗೆದು ನಕಲಿ ಮೊಟ್ಟೆ ಇಡುತ್ತಾರೆ. ಅವು ಅದರ ಮೇಲೇ ಕೂತು ಸಾಕಾಗಿ ಏಳುತ್ತವೆ.

ಒಂಬತ್ತನೇಮಹಡಿ:
ಮರಿ ಹಾರುವ ತನಕ ಬಿಡುತ್ತೀರಿ ಅಂದರೆ ಮುಖ್ಯವಾದದ್ದು ಇದು: ಇವಕ್ಕೆ ಇಂಥದ್ದೇ ಋತು ಅಂತಿಲ್ಲ. ಊಟ ಸಿಕ್ಕರೆ ವರ್ಷವಿಡೀ ಮರಿ ಮಾಡುತ್ತವೆ. ಮರಿಗೆ ಎರಡು ಮೂರು ವಾರ ಆಗುವಷ್ಟರಲ್ಲೇ ಹೆಣ್ಣು ಪಕ್ಕದಲ್ಲಿ ಮತ್ತೆರಡು ಮೊಟ್ಟೆ ಇಟ್ಟಿರಬಹುದು. ಹಳೆಯ ಮರಿಗಳ ಗುಟುಕು ಆಗ ಬಹುಪಾಲು ಅಪ್ಪನ ತಲೆಗೆ. ನಮ್ಮಲ್ಲಿ ಹೀಗೇ ಒಂದರ ಹಿಂದೆ ಒಂದು ಬಾಣಂತನ ನಡೆಯಿತು. ಹಾಗಾಗಿ ಈಗಲೇ ಉಳಿದ ಮೂಲೆಗಳನ್ನು ಬಂದ್ ಮಾಡಿ. ಎಸಿ ಯೂನಿಟ್ ಹಿಂದಿನ ಸಂದು, ವಾಷಿಂಗ್ ಮಷಿನ್ ಹಿಂಭಾಗ, ಇನ್ನೊಂದು ಖಾಲಿ ಕುಂಡ, ಹಳೆ ಡಬ್ಬ. ಗೂಡಿರುವ ಮೂಲೆ ಒಂದೇ ತೆರೆದಿರಲಿ.

ಗಾಳಿಪಟ:
ಮರಿ ಹಾರಿದ ಮೊದಲ ದಿನಗಳಲ್ಲಿ ಬಾಲ್ಕನಿಗೇ ಬಂದು ಮಲಗುತ್ತದೆ. ಅಪ್ಪ ಇನ್ನೂ ಸ್ವಲ್ಪ ದಿನ ಗುಟುಕು ಕೊಡುತ್ತದೆ. ಎರಡೂ ಮರಿ ಚೆನ್ನಾಗಿ ಹಾರುತ್ತಿವೆ, ಹೊಸ ಮೊಟ್ಟೆ ಇಲ್ಲ ಅಂತ ಖಾತ್ರಿಯಾದ ದಿನವೇ ಗೂಡು ನೆನೆಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಖಾಲಿ ಗೂಡು ಬಿಟ್ಟರೆ ಅದರ ನುಸಿಗಳು ಊಟ ಹುಡುಕಿಕೊಂಡು ಮನೆಯೊಳಗೆ ಬರುತ್ತವೆ. ಸೋಪಿನ ನೀರಲ್ಲಿ ತೊಳೆದು ಒಣಗಿದ ಮೇಲೆ ನೆಟ್ ಹಾಕಿಸಿ.

ನಿದ್ದೆಗಣ್ಣು:
ಮುಳ್ಳುಪಟ್ಟಿಗೆ ದುಡ್ಡು ಸುರಿಯಬೇಡಿ, ಅದರ ಸಂದಿನಲ್ಲೇ ಕಡ್ಡಿ ಸಿಕ್ಕಿಸಿ ಗೂಡು ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸಿಡಿ ನೇತುಹಾಕುವುದು, ಪ್ಲಾಸ್ಟಿಕ್ ಗೂಬೆ ಇಡುವುದು ಎಲ್ಲ ನಾಲ್ಕು ದಿನದ ಆಟ. ನೆಟ್ಟೇ ಸರಿ. ಕಣ್ಣು ಐದು ಸೆಂಟಿಮೀಟರಿಗಿಂತ ದೊಡ್ಡದಿರಬಾರದು, ಬಿಗಿಯಾಗಿ ಎಳೆದು ಕಟ್ಟಿರಬೇಕು. ಸಡಿಲ ಬಿಟ್ಟರೆ ಹಕ್ಕಿಯ ಕಾಲು ಸಿಕ್ಕಿಕೊಂಡು ನೇತಾಡುತ್ತದೆ. ನೆಟ್ ಹಾಕುವವರು ಬಂದ ದಿನ ನೀವೇ ಒಮ್ಮೆ ಎಲ್ಲ ಸಂದು ಟಾರ್ಚ್ ಹಾಕಿ ನೋಡಿ. ಒಳಗೆ ಮರಿ ಉಳಿದು ಹೊರಗೆ ಅಪ್ಪ ಅಮ್ಮ ಉಳಿದರೆ ಆ ಮರಿ ಹಸಿವಿನಿಂದ ಸಾಯುತ್ತದೆ. ಆ ಕೆಲಸದವರು ಅದನ್ನೆಲ್ಲ ನೋಡುವುದಿಲ್ಲ.

ಮೂಲೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕಡೆಯ ಕುಂಡ, ಡಬ್ಬ ಎಲ್ಲ ಇವತ್ತೇ ಒಳಗೆ ತಂದೆ. ಕಾಗೆ ಬಂದರೆ ಏನು ಮಾಡುವುದು?

ಗಾಳಿಪಟ:
ಗೂಡಿನ ಮುಂದೆ ಒಂದು ರಟ್ಟು ಅಡ್ಡ ನಿಲ್ಲಿಸಿ, ಪಾರಿವಾಳ ಓಡಾಡುವ ಕಡೆ ತೆರೆದಿರಲಿ. ಹೊರಗಿನಿಂದ ಮೊಟ್ಟೆ ಕಾಣದಿದ್ದರೆ ಅರ್ಧ ಅಪಾಯ ಕಳೆದ ಹಾಗೆ. ಬೆಳಗ್ಗೆ ಗಂಡು ಹೊಟ್ಟೆ ತುಂಬಿಸಿಕೊಂಡು ಬಂದು ಕೂತ ಮೇಲೆ, ಸದ್ದಿಲ್ಲದೆ, ಒಂದೇ ಸಲಕ್ಕೆ ಇಟ್ಟು ಬನ್ನಿ. ಅವನು ಒಮ್ಮೆ ರೆಕ್ಕೆಯಲ್ಲಿ ಬಾರಿಸಬಹುದು, ತಲೆ ಕೆಡಿಸಿಕೊಳ್ಳಬೇಡಿ.