ಪದಚರ್ಚೆ: ಚಳಿಗೆ ರೋಲರ್ ಕೋಸ್ಟರ್ ‘ಹೆಪ್ಪುಗಟ್ಟುತ್ತದೆ’ಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಒಂಬತ್ತನೆಯ ತರಗತಿಗೆಂದು ಶಕ್ತಿ ಮತ್ತು ಘರ್ಷಣೆಯ ಬಗ್ಗೆ ಸಿದ್ಧವಾಗುತ್ತಿರುವ ಓದುಹಾಳೆಯೊಂದು ಭಾಷೆ ತಿದ್ದುವುದಕ್ಕಾಗಿ ನನ್ನ ಕೈಗೆ ಬಂದಿದೆ. ಅದರಲ್ಲೊಂದು ವಾಕ್ಯ ಹೀಗಿದೆ: ‘ತೀವ್ರ ಚಳಿಯಿಂದಾಗಿ ರೋಲರ್ ಕೋಸ್ಟರ್ ಹೆಪ್ಪುಗಟ್ಟಿ ಅರ್ಧದಲ್ಲಿ ನಿಂತಿತು.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದಿದ ಮಕ್ಕಳ ಕಣ್ಣಿಗೆ ಮೈಯೆಲ್ಲ ಮಂಜುಗಡ್ಡೆ ಮೆತ್ತಿಕೊಂಡ ಬಂಡಿಯೇ ಬರುತ್ತದೆ. ನಿಜವಾಗಿ ನಡೆಯುವುದು ಅದಲ್ಲ. ಚಳಿನಾಡುಗಳಲ್ಲಿ ಪ್ರತಿ ಕೋಸ್ಟರಿಗೂ ಇಂತಿಷ್ಟು ಡಿಗ್ರಿಗಿಂತ ಕೆಳಗೆ ಓಡಿಸಬಾರದು ಎಂಬ ಮಿತಿ ಇರುತ್ತದೆ. ಹಲವು ಕೋಸ್ಟರುಗಳಿಗೆ ಆ ಮಿತಿ ಸೊನ್ನೆ ಡಿಗ್ರಿಗಿಂತ ಮೇಲೆಯೇ ಇದೆ. ಅಂದರೆ ನೀರು ಹೆಪ್ಪುಗಟ್ಟುವುದಕ್ಕೆ ಮೊದಲೇ ಕೋಸ್ಟರಿಗೆ ರಜೆ.

‘ರೋಲರ್ ಕೋಸ್ಟರ್’ ಎಂಬುದಕ್ಕೇ ಕನ್ನಡ ಪದ ಬೇಕು ಎಂದು ಯಾರೂ ಹೊರಡದಿರಲಿ ಎಂದು ಮೊದಲೇ ಬೇಡಿಕೊಳ್ಳುತ್ತೇನೆ. ಕೊಚ್ಚಿಗೋ ಬೆಂಗಳೂರಿಗೋ ಶಾಲಾ ಪ್ರವಾಸ ಹೋಗಿ ಬಂದ ಮಕ್ಕಳಿಗೆ ಆ ಹೆಸರು ಬಾಯಿಪಾಠವಾಗಿದೆ. ಇದರ ಹುಟ್ಟು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಕಡೆಯ ಮಂಜುಗಡ್ಡೆಯ ಜಾರುಗುಡ್ಡಗಳಲ್ಲಿ. ಫ್ರೆಂಚರು ಇದನ್ನು ಇಂದಿಗೂ ‘ರಷ್ಯದ ಬೆಟ್ಟಗಳು’ ಎನ್ನುತ್ತಾರೆ, ರಷ್ಯನ್ನರು ‘ಅಮೆರಿಕದ ಗುಡ್ಡಗಳು’ ಎನ್ನುತ್ತಾರೆ. ಹೆಸರಿನ ಹೊಣೆಯನ್ನು ಅವರವರೇ ದಾಟಿಸಿಕೊಳ್ಳುತ್ತಿರುವಾಗ ನಾವು ನಡುವೆ ಹೋಗುವುದು ಬೇಡ. ನನ್ನ ತೊಡಕು ಇರುವುದು ಕ್ರಿಯಾಪದಗಳಲ್ಲಿ.

ಹೆಪ್ಪು ಎಂದರೆ ಹಾಲಿಗೆ ಹಾಕುವ ಮೊಸರಿನ ಹನಿ. ಹಾಲು ಮೊಸರಾಗುವುದು, ರಕ್ತ ಗಾಯದ ಬಾಯಲ್ಲಿ ನಿಲ್ಲುವುದು, ನೀರು ಮಂಜುಗಡ್ಡೆಯಾಗುವುದು ಎಲ್ಲವೂ ಹೆಪ್ಪುಗಟ್ಟುವಿಕೆಯೇ. ದ್ರವವಾಗಿದ್ದದ್ದು ಆ ರೂಪವನ್ನೇ ಬಿಟ್ಟುಬಿಡುತ್ತದೆ. ಇಲ್ಲಿ ನಮ್ಮ ಜೊತೆಗಿರುವ ಮಲಯಾಳದಲ್ಲಿಯೂ ಇದೇ ದಾರಿ: ಹಾಲಿಗೆ ಹಾಕುವುದು ‘ಉರ’, ನೀರು ಗಡ್ಡೆಯಾಗುವುದು ‘ಉರಯುಕ’. ಓದುಹಾಳೆಯ ಮೊದಲ ಕರಡು ಮಲಯಾಳದಿಂದ ಬಂದದ್ದು. ‘ಉರಯುಕ’ ಇದ್ದಲ್ಲೆಲ್ಲ ‘ಹೆಪ್ಪುಗಟ್ಟು’ ಬಂದು ಕೂತಿದೆ ಎಂದು ನನ್ನ ಊಹೆ.

ಈಗ ಯಂತ್ರದ ಕಡೆ ಬರೋಣ. ಸರಪಳಿಯಿಂದ ಎಳೆಸಿಕೊಂಡು ಹೋಗುವ ಕೋಸ್ಟರಿನ ಬಂಡಿಗೆ ಸ್ವಂತ ಎಂಜಿನ್ ಇಲ್ಲ. ಸರಪಳಿ ಅದನ್ನು ಮೊದಲನೆಯ ಏರಿನ ನೆತ್ತಿಗೆ ಮುಟ್ಟಿಸಿ ಕೈಬಿಡುತ್ತದೆ. ಅಲ್ಲಿಂದ ಮುಂದೆ ಎತ್ತರದಲ್ಲಿ ಕೂಡಿಟ್ಟ ಶಕ್ತಿಯೇ ಬಂಡವಾಳ. ಘರ್ಷಣೆ ಮತ್ತು ಗಾಳಿ ಅದನ್ನು ದಾರಿಯುದ್ದಕ್ಕೂ ಕಡಿಮೆ ಮಾಡುತ್ತಾ ಹೋಗುತ್ತವೆ. ಮುಂದಿನ ಏರುಗಳನ್ನು ಮೊದಲನೆಯದಕ್ಕಿಂತ ತಗ್ಗಾಗಿ ಕಟ್ಟುವುದು ಅದಕ್ಕಾಗಿಯೇ. ಚಳಿ ಬಂದಾಗ ಈ ಖರ್ಚು ಹೆಚ್ಚುತ್ತದೆ. ಆದರೆ ಒಂದೊಂದು ಭಾಗದಲ್ಲಿ ಒಂದೊಂದು ಬಗೆಯಲ್ಲಿ ಹೆಚ್ಚುತ್ತದೆ. ಎಲ್ಲಕ್ಕೂ ಒಂದೇ ಕ್ರಿಯಾಪದ ಹಚ್ಚಿದರೆ ಕಾರಣವೇ ಮರೆಯಾಗುತ್ತದೆ.

ಬೇರಿಂಗಿನ ಗ್ರೀಸಿಗೆ ನಾನು ‘ಮಂದವಾಗುತ್ತದೆ’ ಎಂದು ತಿದ್ದಿದ್ದೇನೆ. ಕುಂಬಳೆ ದೇವಸ್ಥಾನದ ಆಯನ ಉತ್ಸವದ ದಿನಗಳಲ್ಲಿ, ಅಂದರೆ ಜನವರಿಯ ನಡುವಿನಲ್ಲಿ, ಬೆಳಗ್ಗೆ ತೆಂಗಿನೆಣ್ಣೆಯ ಬಾಟಲಿಯನ್ನು ಬೋರಲು ಹಾಕಿದರೂ ಹನಿ ಬೀಳದಿರುವುದನ್ನು ಇಲ್ಲಿನ ಮಕ್ಕಳೆಲ್ಲ ನೋಡಿರುತ್ತಾರೆ. ತೆಂಗಿನೆಣ್ಣೆ ಗಟ್ಟಿಯಾಗುವುದಕ್ಕೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ಗ್ರೀಸ್ ಅಷ್ಟರಮಟ್ಟಿಗೂ ಹೋಗುವುದಿಲ್ಲ. ಅದು ಗ್ರೀಸಾಗಿಯೇ ಉಳಿದು ಚಲನೆಗೆ ಅಡ್ಡ ಬರುತ್ತದೆ. ‘ಮಂದ’ ಎಂಬುದಕ್ಕೆ ದಪ್ಪನೆಯದು ಎಂಬ ಅರ್ಥವೂ ಇದೆ, ನಿಧಾನ ಎಂಬ ಅರ್ಥವೂ ಇದೆ. ಇಲ್ಲಿ ಎರಡೂ ಬೇಕು. ಪಠ್ಯಪುಸ್ತಕದ ‘ಸ್ನಿಗ್ಧತೆ ಹೆಚ್ಚುತ್ತದೆ’ ಎಂಬುದನ್ನು ಕಂಸದಲ್ಲಿ ಉಳಿಸಿಕೊಳ್ಳಬಹುದು. ಸ್ನಿಗ್ಧ ಎಂದಕೂಡಲೇ ನನಗಂತೂ ಕಾವ್ಯದ ನಾಯಕಿಯ ನಗೆ ನೆನಪಾಗುತ್ತದೆಯೇ ಹೊರತು ಬೇರಿಂಗ್ ಅಲ್ಲ.

ಚಕ್ರದ ವಿಷಯ ಇನ್ನಷ್ಟು ಸೂಕ್ಷ್ಮ. ಕೋಸ್ಟರಿನ ಚಕ್ರಗಳಿಗೆ ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಕರಡಿನಲ್ಲಿ ‘ಚಳಿಗೆ ಚಕ್ರ ಗಟ್ಟಿಯಾಗುವುದರಿಂದ ಬಂಡಿ ನಿಧಾನವಾಗುತ್ತದೆ’ ಎಂದಿದೆ. ಚುರುಕಾದ ಹುಡುಗಿಯೊಬ್ಬಳು ಎದ್ದು ನಿಂತು ‘ಸರ್, ಗಟ್ಟಿ ಚಕ್ರ ಚೆನ್ನಾಗಿ ಉರುಳಬೇಕಲ್ಲವೇ?’ ಎಂದು ಕೇಳಿದರೆ ಮೇಷ್ಟ್ರು ಏನು ಹೇಳಬೇಕು? ಅವಳ ಪ್ರಶ್ನೆ ನ್ಯಾಯವಾದದ್ದೇ. ಬಂಡಿ ಸಲೀಸಾಗಿ ಓಡಲಿ ಎಂದು ಪಾಲಿಯುರೆಥೇನಿಗಿಂತ ಗಟ್ಟಿಯಾದ ನೈಲಾನ್ ಚಕ್ರಗಳನ್ನು ಹಾಕುವುದೂ ಉಂಟು. ಚಳಿಯಲ್ಲಿ ತೊಂದರೆ ಕೊಡುವುದು ಗಟ್ಟಿತನ ಒಂದೇ ಅಲ್ಲ. ಹಳಿಯ ಮೇಲೆ ಒತ್ತಿಸಿಕೊಂಡ ಹೊದಿಕೆ ಮೊದಲಿನ ಆಕಾರಕ್ಕೆ ಮರಳುವಾಗ ಚಟ್ಟನೆ ಮರಳದೆ ಸೋಮಾರಿಯಂತೆ ಮರಳುತ್ತದೆ. ಒತ್ತುವಾಗ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಹಿಂದಕ್ಕೆ ಬರದೆ ಶಾಖವಾಗಿ ಹೋಗುತ್ತದೆ. ಚಳಿಯ ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಖಾಲಿ ಬಂಡಿಗಳನ್ನು ಸುತ್ತು ಹೊಡೆಸುವುದೂ ಇದೇ ಕಾರಣಕ್ಕೆ. ಓಡಿ ಓಡಿ ಚಕ್ರ ಬೆಚ್ಚಗಾಗುತ್ತದೆ, ಗ್ರೀಸೂ ಸಡಿಲವಾಗುತ್ತದೆ. ಬೆಳಗಿನ ಮೊದಲ ಸುತ್ತಿಗಿಂತ ಮಧ್ಯಾಹ್ನದ ಸುತ್ತು ಚುರುಕಾಗಿರುತ್ತದೆ. ಹೊದಿಕೆಯ ಈ ಸೋಮಾರಿತನಕ್ಕೆ ‘ಸೆಡೆತುಕೊಳ್ಳು’ ಎಂಬುದನ್ನು ಸೂಚಿಸಿದ್ದೇನೆ. ಚಳಿಗೆ ಬೆರಳು ಸೆಡೆತುಕೊಂಡಾಗ ಅದು ಕಲ್ಲಾಗಿರುವುದಿಲ್ಲ, ಮಡಚಿದರೆ ಬಿಚ್ಚಲು ತಡಮಾಡುತ್ತದೆ, ಅಷ್ಟೇ. ‘ಮರಗಟ್ಟು’ ಎಂದು ಬರೆಯೋಣ ಎಂದರು ಸಹೋದ್ಯೋಗಿಯೊಬ್ಬರು. ಮರಗಟ್ಟುವುದು ಸ್ಪರ್ಶ ತಿಳಿಯದಂತಾಗುವುದು. ಚಕ್ರಕ್ಕೆ ಮೊದಲೇ ಸ್ಪರ್ಶಜ್ಞಾನ ಎಲ್ಲಿತ್ತು?

ಹಳಿಗೆ ‘ಕುಗ್ಗು’ ಸಾಕು. ನೂರು ಮೀಟರ್ ಉಕ್ಕು 30 ಡಿಗ್ರಿ ತಣಿದರೆ ಸುಮಾರು ಮೂರೂವರೆ ಸೆಂಟಿಮೀಟರ್ ಕುಗ್ಗುತ್ತದೆ. ವಿನ್ಯಾಸ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ. ಆದರೆ ‘ತಾಪಮಾನ ಕುಸಿದು ಹಳಿ ಕುಗ್ಗಿ’ ಎಂದು ಒಟ್ಟೊಟ್ಟಿಗೆ ಬರೆಯಬೇಡಿ. ಮಳೆಗಾಲದ ಸುದ್ದಿ ಓದಿ ಅಭ್ಯಾಸವಾದ ನಮ್ಮ ಕಣ್ಣು ಹಳಿಯನ್ನೂ ಕುಸಿಸಿಬಿಡುತ್ತದೆ. ಗಾಳಿಗೆ ‘ದಟ್ಟವಾಗು’. 30 ಡಿಗ್ರಿಯ ಗಾಳಿಗಿಂತ ಸೊನ್ನೆ ಡಿಗ್ರಿಯ ಗಾಳಿ ಶೇಕಡಾ 11ರಷ್ಟು ದಟ್ಟ. ಬಂಡಿ ಅದನ್ನು ಸೀಳಿಕೊಂಡು ಹೋಗಬೇಕು. ‘ಹೆಪ್ಪುಗಟ್ಟು’ ನಿಜವಾಗಿ ಒಪ್ಪುವ ಜಾಗ ಒಂದಿದೆ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬ್ರೇಕುಗಳ ಕೊಳವೆಯಲ್ಲಿ ತೇವಾಂಶ ಉಳಿದಿದ್ದರೆ ಅದು ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಅಲ್ಲಿ ಆ ಪದವನ್ನು ಹಾಗೆಯೇ ಬಿಟ್ಟಿದ್ದೇನೆ.

ಇನ್ನು ನಿಮ್ಮೆಲ್ಲರ ನೆರವು ಬೇಕಾದ ಎರಡು ಜಾಗಗಳು.

ಒಂದು, ಬಂಡಿ ನೆತ್ತಿಯವರೆಗೆ ಹೋಗಿಯೂ ದಾಟಲಾರದೆ ಬಂದ ದಾರಿಯಲ್ಲೇ ಹಿಂದಕ್ಕೆ ಇಳಿಯುವುದು. ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ ತೆರೆದು 2024ರಲ್ಲಿ ಮುಚ್ಚಿದ ಕಿಂಗ್ಡಾ ಕಾ ಎಂಬ 139 ಮೀಟರ್ ಎತ್ತರದ ಕೋಸ್ಟರಿನಲ್ಲಿ ಹೀಗಾಗುತ್ತಿತ್ತು. ಅದಕ್ಕೆ ಸರಪಳಿ ಇರಲಿಲ್ಲ; ನೆಲಮಟ್ಟದಲ್ಲೇ ಬಂಡಿಯನ್ನು ರಭಸದಿಂದ ಚಿಮ್ಮಿಸಿ ಮೇಲೆ ಕಳಿಸುತ್ತಿದ್ದರು. ಹಿಂದಕ್ಕೆ ಬಂದ ಬಂಡಿಯನ್ನು ಹಿಡಿಯಲು ಹಳಿಯ ನಡುವೆ ಆಯಸ್ಕಾಂತದ ಬ್ರೇಕುಗಳು ಏಳುತ್ತಿದ್ದವು. ಇದಕ್ಕೆ ‘ಹಿಂಜರಿ’ ಎಂದರೆ ಹೇಗೆ? ನಮ್ಮ ಕಡೆ ಮಳೆಗೆ ಗುಡ್ಡ ಜರಿಯುತ್ತದೆ. ಬಂಡಿ ಹಿಂದಕ್ಕೆ ಜರಿದರೆ ಹಿಂಜರಿಯಿತು. ‘ಬಂಡಿಗೆ ಸಂಕೋಚವೇ?’ ಎಂದು ನಗುವವರಿರಬಹುದು. ನಗಲಿ, ಪದ ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯದು ಕಠಿಣ. ಎರಡು ಏರುಗಳ ನಡುವಿನ ತಗ್ಗಿಗೆ ಬಂದ ಬಂಡಿ ಎದುರಿನ ಏರನ್ನು ಮುಕ್ಕಾಲು ಹತ್ತಿ, ಹಿಂದಕ್ಕೆ ಜಾರಿ, ಹಿಂದಿನ ಏರನ್ನು ಅರ್ಧ ಹತ್ತಿ, ಮತ್ತೆ ಮುಂದಕ್ಕೆ ಬಂದು, ತೂಗಿ ತೂಗಿ ಕೊನೆಗೆ ತಳದಲ್ಲಿ ನಿಲ್ಲುತ್ತದೆ. ಬ್ರೇಕಾಗಲಿ ಸರಪಳಿಯಾಗಲಿ ಇಲ್ಲದ ಜಾಗ ಅದು. ಜನರನ್ನು ಇಳಿಸಿ ಬಂಡಿಯನ್ನು ಹೊರಗಿನಿಂದ ಎಳೆಸಬೇಕು. ಕರಡಿನಲ್ಲಿ ‘ಕಣಿವೆಗೆ ಬಿತ್ತು’ ಎಂದಿದೆ. ಓದಿದವರು ಸತ್ತವರೆಷ್ಟು ಎಂದು ಕೇಳುತ್ತಾರೆ. ‘ತಗ್ಗಿನಲ್ಲಿ ತಂಗಿತು’ ಎಂದು ಬರೆದು ನೋಡಿದೆ. ತಂಗುದಾಣದ ನೆನಪಾಗಿ ಬಸ್ಸಿಗೆ ಕಾದಂತಾಯಿತು. ‘ಹೂತುಹೋಯಿತು’ ಎಂದರೆ ಕೆಸರು ಬಂತು.

ತಾಳವಾಡಿ, ನೀಲಗಿರಿ ಕಡೆಯ ಸದಸ್ಯರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ನಿಜವಾದ ಚಳಿಯೂ ಏರಿಳಿತದ ದಾರಿಯೂ ನಿಮ್ಮಲ್ಲಿವೆ. ಏರು ಹತ್ತಲಾರದೆ ಗಾಡಿ ತಗ್ಗಿನಲ್ಲೇ ಉಳಿದರೆ ನಿಮ್ಮೂರಿನವರು ಏನೆನ್ನುತ್ತಾರೆ? ಬೆಳಗಿನ ಚಳಿಗೆ ದಪ್ಪವಾದ ಎಂಜಿನ್ ಎಣ್ಣೆಗೆ ಮೆಕ್ಯಾನಿಕ್ ಹೇಳುವ ಮಾತೇನು? ಹಾಳೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಸದ್ಯಕ್ಕೆ ‘ತಗ್ಗಿನಲ್ಲಿ ಸಿಕ್ಕಿಕೊಂಡಿತು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.